ಸವ್ತಾ ತೀರಿಕೊಂಡು ವರ್ಷ: ಅವರ ಬಗ್ಗೆ ನಾನೇನು ಮಾತಾಡಲಿ?

ಪ್ರಶ್ನೆ: ನಾನು ಮಂಜೇಶ್ವರ ಕಡೆಯ ಕ್ರಿಶ್ಚಿಯನ್ ಹೆಂಗಸು. ಎಂಟು ವರ್ಷದಿಂದ ಇಸ್ರೇಲ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಆರು ವರ್ಷ ನೆವಾತಿಮ್ ಎಂಬ ಊರಿನಲ್ಲಿ ಒಬ್ಬ ಅಜ್ಜಿಯ ಜೊತೆಗಿದ್ದೆ. ಹೀಬ್ರೂನಲ್ಲಿ ಅಜ್ಜಿಗೆ ಸವ್ತಾ ಅನ್ನುತ್ತಾರೆ. ಮೊಮ್ಮಕ್ಕಳ ಹಾಗೆ ನಾನೂ ಸವ್ತಾ ಅಂತಲೇ ಕರೆಯುತ್ತಿದ್ದೆ. ಅವರು ಎರ್ನಾಕುಲಂನಲ್ಲಿ ಹುಟ್ಟಿದ ಕೊಚ್ಚಿ ಯಹೂದಿ. 1954ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ ಇಸ್ರೇಲ್‌ಗೆ ಬಂದವರು. ಬದುಕೆಲ್ಲ ಹೂವಿನ ತೋಟದಲ್ಲಿ ದುಡಿದರು. ತುಂಬಾ ದೈವಭಕ್ತೆ. ಕೊನೆಯ ಎರಡು ವರ್ಷ ಮರೆವು ಜಾಸ್ತಿಯಾಯಿತು. ಹೀಬ್ರೂ ಹೋಗಿ ಮಲಯಾಳಂ ಮಾತ್ರ ಉಳಿಯಿತು. ಮನೆಯಲ್ಲಿ ಮಲಯಾಳಂ ಅರ್ಥವಾಗುತ್ತಿದ್ದದ್ದು ನನಗೊಬ್ಬಳಿಗೇ. 2025ರ ಫೆಬ್ರವರಿ 13ರ ಮಧ್ಯಾಹ್ನ ತೀರಿಕೊಂಡರು. ಶಿವಾ, ಅಂದರೆ ಯಹೂದಿಗಳು ಸಾವಿನ ನಂತರ ಮನೆಯಲ್ಲಿ ಶೋಕಕ್ಕೆ ಕೂರುವ ಏಳು ದಿನವೂ ನಾನು ಬಂದವರಿಗೆ ಚಹಾ ಕೊಡುತ್ತಾ ನಿಂತೇ ಇದ್ದೆ. ಈಗ ವರ್ಷದ ದಿನಕ್ಕೆ ಮಗಳು ನನ್ನನ್ನು ಕರೆದಿದ್ದಾರೆ. "ನೀನೂ ನಾಲ್ಕು ಮಾತಾಡು" ಅಂದಿದ್ದಾರೆ. ನಾನು ಮನೆಯವಳಲ್ಲ, ಸಂಬಳಕ್ಕೆ ಇದ್ದವಳು. ಏನು ಹೇಳಲಿ? ಹೂ ತೆಗೆದುಕೊಂಡು ಹೋಗಬಹುದಾ? ಕ್ಯಾಂಡಲ್ ಹಚ್ಚಬಹುದಾ? ನಮ್ಮ ಇಗರ್ಜಿಯಲ್ಲಿ ಅವರಿಗಾಗಿ ಪೂಜೆ ಕೊಡಿಸಿದರೆ ತಪ್ಪಾ? ಅವರ ಮುಂದೆ ಅತ್ತುಬಿಟ್ಟರೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರ ಜೊತೆ ನೀವು ಬರೆದು ಕಳಿಸಿದ ಸಣ್ಣ ಸಣ್ಣ ನೆನಪುಗಳನ್ನೂ ಓದಿದೆ. ನೀವು ಕೇಳಿದ್ದು ಹೂವಿನ ಬಗ್ಗೆ, ಕ್ಯಾಂಡಲ್ ಬಗ್ಗೆ. ಅದಕ್ಕೆಲ್ಲ ಉತ್ತರ ಕೊಡುತ್ತೇನೆ. ಆದರೆ ಮೊದಲು ಆ "ನಿಂತೇ ಇದ್ದೆ" ಅನ್ನುವ ಮಾತಿನ ಬಗ್ಗೆ ಹೇಳಬೇಕು. ನಿಮ್ಮ ಎಲ್ಲ ಪ್ರಶ್ನೆಗಳ ಅಡಿಯಲ್ಲಿ ಇರುವುದು ಅದೇ ಅಂತ ನನಗೆ ಅನ್ನಿಸುತ್ತದೆ.

ಯಹೂದಿ ಪದ್ಧತಿಯಲ್ಲಿ ಶೋಕಕ್ಕೆ ಕೂರುವವರು ಯಾರು ಅನ್ನುವುದು ಖಚಿತವಾಗಿ ನಿಗದಿಯಾಗಿದೆ. ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಗಂಡ ಅಥವಾ ಹೆಂಡತಿ. ಇಷ್ಟೇ ಜನ. ಬಟ್ಟೆ ಹರಿದುಕೊಳ್ಳುವುದು, ಏಳು ದಿನ ತಗ್ಗಿನ ಆಸನದಲ್ಲಿ ಕೂರುವುದು, ಚರ್ಮದ ಚಪ್ಪಲಿ ಹಾಕದಿರುವುದು, ಇವೆಲ್ಲ ಅವರಿಗೆ ಮಾತ್ರ ಕಡ್ಡಾಯ. ಈ ಲೆಕ್ಕದಲ್ಲಿ ಮೊಮ್ಮಕ್ಕಳು ಇಲ್ಲ, ಗಮನಿಸಿದ್ದೀರಾ? ಅಜ್ಜಿಯ ಮಡಿಲಲ್ಲೇ ಬೆಳೆದ ಮೊಮ್ಮಗಳಿಗೂ ನಿಯಮದ ಪ್ರಕಾರ ಶಿವಾ ಕೂರುವ ಕಟ್ಟಳೆ ಇಲ್ಲ. ಸೊಸೆಗೂ ಇಲ್ಲ, ಅಳಿಯನಿಗೂ ಇಲ್ಲ. ಇಂಥವರೆಲ್ಲ ಆ ಏಳು ದಿನ ಏನು ಮಾಡುತ್ತಾರೆ? ನೀವು ಮಾಡಿದ್ದನ್ನೇ ಮಾಡುತ್ತಾರೆ. ಅಡುಗೆ ತರುತ್ತಾರೆ, ಕುರ್ಚಿ ಜೋಡಿಸುತ್ತಾರೆ, ಚಹಾ ಕೊಡುತ್ತಾರೆ, ಬಾಗಿಲು ತೆರೆದಿಡುತ್ತಾರೆ. ಶೋಕದಲ್ಲಿ ಕೂತವರು ತಾವಾಗಿ ಎದ್ದು ಯಾರಿಗೂ ಉಪಚಾರ ಮಾಡಬಾರದು. ಹಾಗಾಗಿ ಅವರ ಸುತ್ತ ನಿಂತು ಕೆಲಸ ಮಾಡುವವರು ಬೇಕೇ ಬೇಕು. ಆ ವಾರ ನೀವು ಕೆಲಸದವಳಾಗಿ ಹೊರಗೆ ನಿಂತಿರಲಿಲ್ಲ. ಮೊಮ್ಮಕ್ಕಳು ನಿಲ್ಲುವ ಜಾಗದಲ್ಲೇ ನಿಂತಿದ್ದಿರಿ.

ಇನ್ನು ಮಾತಿನ ವಿಷಯ.

ಸತ್ತವರ ಬಗ್ಗೆ ಮಾತಾಡುವುದಕ್ಕೆ ಹೀಬ್ರೂನಲ್ಲಿ ಹೆಸ್ಪೇದ್ ಅನ್ನುತ್ತಾರೆ. ಅದು ಯಹೂದಿಗಳಲ್ಲಿ ಸುಮ್ನೆ ಒಂದು ಔಪಚಾರಿಕ ಭಾಷಣ ಅಲ್ಲ, ಅದೊಂದು ಕರ್ತವ್ಯ. ಹದಿನಾರನೇ ಶತಮಾನದಲ್ಲಿ ಸಫೇದ್ ಊರಿನ ಯೋಸೆಫ್ ಕಾರೋ ಬರೆದ ಶುಲ್ಹಾನ್ ಆರೂಖ್ ಎಂಬ ಧರ್ಮಸೂತ್ರ ಇವತ್ತಿಗೂ ಆಚರಣೆಗೆ ಆಧಾರ. ಅದರಲ್ಲಿ ಇದಕ್ಕೊಂದು ನಿಯಮ ಇದೆ. ಸತ್ತವರ ಒಳ್ಳೆಯ ಗುಣಗಳನ್ನು ಹೇಳಬೇಕು, ಬೇಕಾದರೆ ಸ್ವಲ್ಪ ಹೆಚ್ಚು ಮಾಡಿ ಹೇಳಬಹುದು, ಆದರೆ ಅತಿ ಮಾಡಬಾರದು. ಇಲ್ಲದ ಗುಣವನ್ನು ತಂದು ಕಟ್ಟಲೇಬಾರದು. ಈ ನಿಯಮ ನನಗೆ ತುಂಬಾ ಇಷ್ಟ. ಸತ್ತವರ ಮೇಲೆ ಪ್ರೀತಿ ಇದ್ದಾಗ ಬಾಯಿಗೆ ದೊಡ್ಡ ದೊಡ್ಡ ಮಾತು ಬರುತ್ತದೆ. ದೇವತೆಯಂಥವರು, ತ್ಯಾಗಮಯಿ, ಅಂಥವರು ಇನ್ನು ಹುಟ್ಟುವುದಿಲ್ಲ ಅಂತೆಲ್ಲ ಅನ್ನುತ್ತೇವೆ. ಆ ಮಾತುಗಳನ್ನು ಯಾವ ಅಜ್ಜಿಯ ಬಗ್ಗೆ ಬೇಕಾದರೂ ಹೇಳಬಹುದು. ಕೇಳಿದವರ ಕಣ್ಣ ಮುಂದೆ ನಿಮ್ಮ ಸವ್ತಾ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ "ತುಂಬಾ ದೈವಭಕ್ತೆ" ಅಂತ ಬರೆದಿದ್ದೀರಿ. ಅಲ್ಲಿ ಅದನ್ನು ಹೇಳಬೇಡಿ. ಅದು ಮನೆಯವರಿಗೆ ಗೊತ್ತಿರುವುದೇ. ಅದರ ಬದಲು ನೀವು ಟಿಪ್ಪಣಿಯಲ್ಲಿ ಬರೆದದ್ದನ್ನು ಹೇಳಿ. ಶುಕ್ರವಾರ ಸಂಜೆ, ಸೂರ್ಯ ಮುಳುಗುವ ಮುಂಚೆ, ಶಬ್ಬಾತ್ ಅನ್ನುವ ವಾರದ ವಿಶ್ರಾಂತಿ ದಿನಕ್ಕೆ ದೀಪ ಹಚ್ಚುವ ಹೊತ್ತು. ಅವರ ಕೈ ನಡುಗುತ್ತಿತ್ತು. ನೀವು ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಿರಿ. ಆದರೆ ಕಡ್ಡಿಯನ್ನು ಮಾತ್ರ ನಿಮ್ಮ ಕೈಗೆ ಕೊಡುತ್ತಿರಲಿಲ್ಲ, ಬತ್ತಿಗೆ ತಾವೇ ಮುಟ್ಟಿಸುತ್ತಿದ್ದರು. ಹಚ್ಚುವ ಮೊದಲು ಕಿಟಕಿ ಹತ್ತಿರದ ತಗಡಿನ ಡಬ್ಬಿಗೆ ನಾಣ್ಯ ಹಾಕುತ್ತಿದ್ದರು. ದೀಪದ ಮೇಲೆ ಮೂರು ಸಲ ಕೈ ಆಡಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ಏನೋ ಗುನುಗುತ್ತಿದ್ದರು. ನೀವು ಹತ್ತಿರ ನಿಂತು ಕೇಳಿದಾಗ ಅದು ಹೆಸರುಗಳು ಅಂತ ಗೊತ್ತಾಯಿತು. ಮಕ್ಕಳ ಹೆಸರು, ಮೊಮ್ಮಕ್ಕಳ ಹೆಸರು, ಮರಿಮಕ್ಕಳ ಹೆಸರು. ಮರೆವು ಬಂದ ಮೇಲೂ ಆ ಪಟ್ಟಿಯಲ್ಲಿ ಒಂದು ಹೆಸರೂ ತಪ್ಪಲಿಲ್ಲ ಅಂತ ಬರೆದಿದ್ದೀರಿ.

ನೋಡಿ, ಇದು ಹೆಸ್ಪೇದ್. ಆ ಹೊತ್ತಿನಲ್ಲಿ ಅವರ ಪಕ್ಕದಲ್ಲಿ ನೀವಲ್ಲದೆ ಇನ್ಯಾರೂ ಇರಲಿಲ್ಲ. ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಶಬ್ಬಾತ್ ತಯಾರಿ ಮಾಡುತ್ತಿದ್ದರು. ತಮ್ಮ ಹೆಸರು ವಾರವಾರ ಆ ದೀಪದ ಮುಂದೆ ಬರುತ್ತಿತ್ತು ಅಂತ ಆ ಮೊಮ್ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?

ಶುಕ್ರವಾರ ರಾತ್ರಿ ಊಟಕ್ಕೆ ಮುಂಚೆ ಆ ಮನೆಯಲ್ಲಿ ಎಶೆತ್ ಹಾಯಿಲ್, ಅಂದರೆ ಗುಣವತಿ ಹೆಂಗಸಿನ ಹಾಡು, ಹಾಡುವುದನ್ನು ನೀವು ಕೇಳಿಯೇ ಇರುತ್ತೀರಿ. ಅದು ನಿಮ್ಮ ಬೈಬಲ್‌ನಲ್ಲೂ ಇದೆ, ಜ್ಞಾನೋಕ್ತಿಗಳ 31ನೇ ಅಧ್ಯಾಯದ ಕೊನೆಯ 22 ವಚನಗಳು. ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳಿಗೆ ಒಂದೊಂದರಂತೆ. ಕೊಚ್ಚಿಯವರು ಅನುಸರಿಸುವ, ಸ್ಪೇನ್ ಮೂಲದ ಯಹೂದಿಗಳ ಸೆಫಾರ್ದಿ ಪದ್ಧತಿಯಲ್ಲಿ, ತೀರಿಕೊಂಡ ಹೆಂಗಸಿಗಾಗಿ ಹೇಳುವ ಪ್ರಾರ್ಥನೆಯಲ್ಲೂ ಇದರ ಸಾಲುಗಳು ಬರುತ್ತವೆ. ಅದನ್ನು ಒಮ್ಮೆ ಕನ್ನಡದಲ್ಲಿ ನಿಧಾನವಾಗಿ ಓದಿ. ಆ ಹೆಂಗಸು ಭಕ್ತಿವಂತೆ ಅನ್ನುವ ಮಾತು ಕೊನೆಗೆ ಒಂದೇ ಕಡೆ ಬರುತ್ತದೆ. ಉಳಿದದ್ದೆಲ್ಲ ಅವಳ ಕೈಕೆಲಸ. ಕತ್ತಲಿರುವಾಗಲೇ ಏಳುತ್ತಾಳೆ, ಮನೆಯವರಿಗೆ ಊಟಕ್ಕೆ ಅಣಿ ಮಾಡುತ್ತಾಳೆ. ಹೊಲ ನೋಡಿ ಕೊಂಡುಕೊಳ್ಳುತ್ತಾಳೆ, ದುಡಿದ ಹಣದಲ್ಲಿ ದ್ರಾಕ್ಷಿ ತೋಟ ಹಾಕುತ್ತಾಳೆ. ಕೈ ರಾಟೆಗೆ ಹೋಗುತ್ತದೆ, ಅದೇ ಕೈ ಬಡವರ ಕಡೆಗೂ ಚಾಚುತ್ತದೆ. ನಿಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಸವ್ತಾ ಅವರ ಕೈ ಏನು ಮಾಡುತ್ತಿತ್ತು, ಅಷ್ಟನ್ನೇ ಹೇಳಿ.

ಅವರ ಕೈಗೆ ಗೊತ್ತಿದ್ದದ್ದು ಹೂ. ನೆವಾತಿಮ್ ಇರುವುದು ಬೇರ್ ಶೇವಾ ಪಟ್ಟಣದ ಹತ್ತಿರ, ನೆಗೆವ್ ಮರುಭೂಮಿಯಲ್ಲಿ. ಕೊಚ್ಚಿಯಿಂದ ಬಂದವರು 1954ರಲ್ಲಿ ಅಲ್ಲಿ ಬೀಡುಬಿಟ್ಟರು. ಸ್ವಲ್ಪ ಯೋಚಿಸಿ. ಹಿನ್ನೀರು, ತೆಂಗು, ಮಳೆಗಾಲ ಬಿಟ್ಟು ಬೇರೇನನ್ನೂ ಕಾಣದ ಹದಿನೇಳರ ಹುಡುಗಿ. ಇಳಿದದ್ದು ಹಳದಿ ಧೂಳಿನ ಬಯಲಿಗೆ. ಬೇಸಾಯ ಮಾಡಿ ಗೊತ್ತಿಲ್ಲದ ಜನ ಅವರು, ಹೆಚ್ಚಿನವರು ಸಣ್ಣ ವ್ಯಾಪಾರದವರು. ಆ ಊರುಗಳಲ್ಲೇ ಮುಂದೆ ಹಸಿರುಮನೆ ಕಟ್ಟಿ ಯುರೋಪಿಗೆ ಹೂ ಕಳಿಸುವಷ್ಟು ಬೆಳೆಸಿದರು. ನಿಮ್ಮ ಸವ್ತಾ ಬೆರಳಿನ ತುದಿಯಲ್ಲಿ ಗುಲಾಬಿ ಮುಳ್ಳಿನ ಕಲೆಗಳಿದ್ದವು, ಎಣ್ಣೆ ಹಚ್ಚುವಾಗ ನಿಮ್ಮ ಕೈಗೆ ಸಿಗುತ್ತಿದ್ದವು ಅಂತ ಬರೆದಿದ್ದೀರಿ. ಇದನ್ನೂ ಹೇಳಿ.

ಆದರೆ ಸಮಾಧಿಗೆ ಹೂ ಬೇಡ. ಕೇಳಲು ಕಷ್ಟ ಅನ್ನಿಸಬಹುದು, ಬದುಕಿಡೀ ಹೂ ಬೆಳೆದವರ ಸಮಾಧಿಗೆ ಒಂದು ಹೂವೂ ಇಲ್ಲವೇ ಅಂತ. ಇಸ್ರೇಲ್‌ನಲ್ಲಿ ಸೈನಿಕರ ಸಮಾಧಿಗಳಲ್ಲಿ, ಧರ್ಮದ ಕಟ್ಟು ಅಷ್ಟಾಗಿ ಇಲ್ಲದ ಮನೆಗಳಲ್ಲಿ ಹೂ ಕಾಣುತ್ತದೆ ನಿಜ. ಆದರೆ ಸಂಪ್ರದಾಯದ ಮನೆಗಳಲ್ಲಿ ಅದು ರೂಢಿಯಲ್ಲಿಲ್ಲ. ಸಾವಿನಲ್ಲಿ ಬಡವರು ಶ್ರೀಮಂತರು ಒಂದೇ ಥರ ಕಾಣಬೇಕು ಅನ್ನುವುದು ಅವರ ಹಳೆಯ ಯೋಚನೆ. ಅದಕ್ಕೇ ಎಲ್ಲರಿಗೂ ಒಂದೇ ರೀತಿಯ ಸಾದಾ ಬಿಳಿ ಬಟ್ಟೆ. ಇಸ್ರೇಲ್‌ನಲ್ಲಂತೂ ಸಾಮಾನ್ಯವಾಗಿ ಪೆಟ್ಟಿಗೆಯೂ ಇಲ್ಲ, ಬಟ್ಟೆ ಸುತ್ತಿ ನೇರ ಮಣ್ಣಿಗೆ. ನಾನು ಯೆರೂಸಲೇಮಿಗೆ ಹೊಸದಾಗಿ ಹೋದಾಗ ನೆರೆಮನೆಯ ಹಿರಿಯರ ಶೋಕಕ್ಕೆ ಹೂಗುಚ್ಛ ಹಿಡಿದು ಹೋಗಿದ್ದೆ. ಅವರ ಮಗಳು ಅದನ್ನು ಮೆತ್ತಗೆ ಕೈಯಿಂದ ತೆಗೆದುಕೊಂಡು ಅಡುಗೆಮನೆಯಲ್ಲಿಟ್ಟು, ನನ್ನನ್ನು ತನ್ನ ಪಕ್ಕ ಕೂರಿಸಿಕೊಂಡರು. ಯಾರೂ ಒಂದು ಮಾತೂ ಅನ್ನಲಿಲ್ಲ. ನೀವು ಹೂ ತಂದರೂ ಅವರು ನೊಂದುಕೊಳ್ಳುವುದಿಲ್ಲ. ಆದರೂ ಬೇಡ.

ಕಲ್ಲು ತೆಗೆದುಕೊಂಡು ಹೋಗಿ. ಸಮಾಧಿಯ ಮೇಲೆ ಸಣ್ಣ ಕಲ್ಲು ಇಡುವುದು ಅವರ ಪದ್ಧತಿ. ಯಾರೋ ಬಂದಿದ್ದರು ಅನ್ನುವುದಕ್ಕೆ ಗುರುತು ಅದು, ಬಾಡುವುದಿಲ್ಲ. ಕಲ್ಲನ್ನು ಸಾಮಾನ್ಯವಾಗಿ ಅಲ್ಲೇ ನೆಲದಿಂದ ಹೆಕ್ಕುತ್ತಾರೆ. ನಾನಾದರೆ ಅವರ ಮನೆಯ ಹಿಂದೆ, ಹಸಿರುಮನೆಗೆ ಹೋಗುವ ದಾರಿಯಿಂದ ಒಂದನ್ನು ಹೆಕ್ಕುತ್ತಿದ್ದೆ. ಅವರು ದಿನಾ ತುಳಿದ ದಾರಿ ಅದು. ಎಡಗೈಯಲ್ಲಿ ಇಡುವ ರೂಢಿ ಕೆಲವರಲ್ಲಿ ಇದೆ. ಪಕ್ಕದವರನ್ನು ನೋಡಿ ಹಾಗೇ ಮಾಡಿ. ಹೂವಿನ ಆಸೆ ಇದ್ದರೆ ಮುಂದೆ ಯಾವುದಾದರೂ ಶುಕ್ರವಾರ ಮಧ್ಯಾಹ್ನ ಮಗಳ ಮನೆಗೆ ಒಂದು ಕಟ್ಟು ಗುಲಾಬಿ ಕೊಟ್ಟು ಬನ್ನಿ. ಶಬ್ಬಾತ್ ಮೇಜಿನ ಮೇಲೆ ಹೂ ಇಡುವುದು ಅವರಿಗೆ ಸಂತೋಷದ ವಿಷಯ. ಅಲ್ಲಿ ಸವ್ತಾ ಅವರ ಹೂವಿಗೆ ಜಾಗ ಇದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಸಂಗತಿಗೆ ಬರುತ್ತೇನೆ. ನಿಮ್ಮ ಟಿಪ್ಪಣಿಯಲ್ಲಿ ಅದು ಕೊನೆಗೆ, ಒಂದೇ ಸಾಲಿನಲ್ಲಿ ಇತ್ತು. ಸವ್ತಾ ಹತ್ತಿರ ಒಂದು ಹಳೆಯ ನೋಟ್‌ಬುಕ್ ಇತ್ತು, ಮಲಯಾಳಂನಲ್ಲಿ ಬರೆದ ಹಾಡುಗಳು, ಕೊನೆಯ ದಿನಗಳಲ್ಲಿ ಅದನ್ನು ನೋಡದೆಯೇ ಹಾಡುತ್ತಿದ್ದರು, ನೀವೂ ಕೆಲವನ್ನು ಕಲಿತಿರಿ ಅಂತ.

ಆ ನೋಟ್‌ಬುಕ್ ಏನು ಅಂತ ಮನೆಯವರಿಗೆ ಪೂರ್ತಿ ಗೊತ್ತಿದೆಯೋ ಇಲ್ಲವೋ. ಕೊಚ್ಚಿ ಯಹೂದಿ ಹೆಂಗಸರಿಗೆ ತಮ್ಮದೇ ಹಾಡಿನ ಪರಂಪರೆ ಇತ್ತು. ಮದುವೆಗೆ, ಹಬ್ಬಕ್ಕೆ, ಹೊಸ ಪ್ರಾರ್ಥನಾಮಂದಿರ ಅಂದರೆ ಸಿನಗಾಗ್‌ಗೆ, ಬೈಬಲ್‌ನ ಕಥೆಗಳಿಗೆ ಮಲಯಾಳಂನಲ್ಲಿ ಹಾಡು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ, ಕೈಯಲ್ಲಿ ನಕಲು ಮಾಡಿಕೊಂಡ ನೋಟ್‌ಬುಕ್‌ಗಳಲ್ಲಿ ಅವು ಬಂದವು. ಬೇರೆ ಎಷ್ಟೋ ಸಂಪ್ರದಾಯಸ್ಥ ಯಹೂದಿ ಸಮುದಾಯಗಳಲ್ಲಿ ಗಂಡಸರ ಮುಂದೆ ಹೆಂಗಸರು ಹಾಡುವುದಿಲ್ಲ. ಕೊಚ್ಚಿಯಲ್ಲಿ ಹಾಡುತ್ತಿದ್ದರು. ಇಸ್ರೇಲ್‌ಗೆ ಬಂದ ಮೇಲೆ ಮಕ್ಕಳು ಹೀಬ್ರೂ ಕಲಿತರು, ಮಲಯಾಳಂ ಬಿಟ್ಟಿತು, ಹಾಡುಗಳೂ ಮೌನವಾಗುತ್ತಾ ಬಂದವು. 1970ರ ದಶಕದಿಂದ ಸಂಶೋಧಕರು ಈ ನೋಟ್‌ಬುಕ್‌ಗಳನ್ನು ಹುಡುಕಿ, ವಯಸ್ಸಾದ ಹೆಂಗಸರಿಂದ ಹಾಡಿಸಿ ಧ್ವನಿಮುದ್ರಣ ಮಾಡಿಕೊಂಡರು. ಯೆರೂಸಲೇಮಿನ ರಾಷ್ಟ್ರೀಯ ಗ್ರಂಥಾಲಯದ ಧ್ವನಿ ಸಂಗ್ರಹದಲ್ಲಿ ಅಂಥ ಹಾಡುಗಳಿವೆ. ನೆವಾತಿಮ್‌ನಲ್ಲೇ ಕೊಚ್ಚಿ ಯಹೂದಿಗಳ ಪರಂಪರೆಯ ಕೇಂದ್ರ ಇದೆ, ನೀವು ನೋಡಿರುತ್ತೀರಿ.

ಈಗ ನಿಮ್ಮ ಸ್ಥಿತಿ ನೋಡಿ. ಒಂದು ಮನೆ. ಅಜ್ಜಿಯ ಕೊನೆಯ ಎರಡು ವರ್ಷದ ಮಾತು ಆ ಮನೆಯ ಮಕ್ಕಳಿಗೆ ಅರ್ಥವಾಗಲಿಲ್ಲ. ಮಗಳು ಹಾಸಿಗೆ ಪಕ್ಕ ಕೂತು ಕೈ ಹಿಡಿದುಕೊಳ್ಳುತ್ತಿದ್ದರು, ಅಮ್ಮ ಏನು ಹೇಳುತ್ತಿದ್ದಾರೆ ಅಂತ ನಿಮ್ಮ ಮುಖ ನೋಡುತ್ತಿದ್ದರು. ಮಂಜೇಶ್ವರದವರಾದ್ದರಿಂದ ನಿಮಗೆ ಮಲಯಾಳಂ ಬರುತ್ತಿತ್ತು. ಕನ್ನಡ, ತುಳು, ಕೊಂಕಣಿ, ಮಲಯಾಳಂ ಎಲ್ಲ ಒಂದೇ ಬೀದಿಯಲ್ಲಿ ಕೇಳಿಬರುವ ಊರು ಅದು. ಸಂಬಳಕ್ಕೆ ಇದ್ದವಳು ಅಂತ ಬರೆದಿದ್ದೀರಿ. ಸಂಬಳ ಕೊಟ್ಟದ್ದು ಸ್ನಾನ ಮಾಡಿಸಲು, ಮಾತ್ರೆ ಕೊಡಲು. ಆ ಮಾತುಗಳನ್ನು ಕೇಳಿಸಿಕೊಂಡು ಇಟ್ಟುಕೊಂಡದ್ದಕ್ಕೆ ಯಾರೂ ಸಂಬಳ ಕೊಟ್ಟಿರಲಿಲ್ಲ. ಆ ಎರಡು ವರ್ಷದ ಸವ್ತಾ ಇವತ್ತು ನಿಮ್ಮ ಹತ್ತಿರ ಮಾತ್ರ ಇದ್ದಾರೆ. ಅವರನ್ನು ಆ ಮನೆಗೆ ತಲುಪಿಸಿ. ಈ ಕೆಲಸ ಮಗಳಿಂದಲೂ ಆಗುವುದಿಲ್ಲ, ಅವರ ಧರ್ಮಗುರು ರಬ್ಬಿಯಿಂದಲೂ ಆಗುವುದಿಲ್ಲ.

ಹಾಡುವ ವಿಷಯದಲ್ಲಿ ಮಾತ್ರ ಮೊದಲು ಮಗಳನ್ನು ಕೇಳಿ. ಮೊಮ್ಮಕ್ಕಳಲ್ಲಿ ಯಾರಾದರೂ ಈಗ ಹೆಚ್ಚು ಕಟ್ಟುನಿಟ್ಟಿನವರಾಗಿರಬಹುದು, ಗಂಡಸರಿರುವ ಕಡೆ ಹೆಂಗಸಿನ ಹಾಡು ಅವರಿಗೆ ಮುಜುಗರ ಆಗಬಹುದು. ಅವರು ಹೂಂ ಅಂದರೆ ಹಾಡಿ. ಇಲ್ಲವಾದರೆ ಎರಡು ಸಾಲು ಓದಿ, ಅರ್ಥ ಹೇಳಿ. ಅಷ್ಟು ಸಾಕು.

ಮಾತು ಐದು ನಿಮಿಷ ದಾಟುವುದು ಬೇಡ. ನಿಮ್ಮ ಹೀಬ್ರೂ ಅಡುಗೆಮನೆಯ ಹೀಬ್ರೂ ಅಂತ ಹಿಂಜರಿಯಬೇಡಿ. ನೀವು ಸವ್ತಾ ಜೊತೆ ಆಡಿದ ಹೀಬ್ರೂ ಅದೇ ತಾನೇ? ಬರೆದುಕೊಂಡು ಹೋಗಿ, ನೋಡಿಕೊಂಡೇ ಓದಿ. ಶುರು ಮಾಡುವುದು ಕಷ್ಟ ಅಂತಾದರೆ ಹೀಗೆ ಮಾಡಬಹುದು:

"ನಾನು ಈ ಮನೆಗೆ ಬಂದ ಮೊದಲ ದಿನ ಸವ್ತಾ ನನ್ನನ್ನು ಕೇಳಿದ್ದು ಒಂದೇ ಮಾತು. ಚೋರುಂಡೋ? ಅಂದರೆ, ಅನ್ನ ಉಂಡೆಯಾ? ಆರು ವರ್ಷ ದಿನಾ ಇದನ್ನೇ ಕೇಳಿದರು. ಕೊನೆಗೆ ನನ್ನ ಹೆಸರು ಮರೆತುಹೋಯಿತು. ಆದರೂ ಕೇಳುತ್ತಿದ್ದರು. ನೀವೆಲ್ಲ ಬಂದಾಗ ನಿಮ್ಮನ್ನೂ ಕೇಳುತ್ತಿದ್ದರು. ನಿಮಗೆ ಅರ್ಥವಾಗಿರಲಿಲ್ಲ. ಅವರು ಕೇಳುತ್ತಿದ್ದದ್ದು ಇದನ್ನೇ."

ಇದು ನಿಮ್ಮದೇ ಟಿಪ್ಪಣಿ, ನಾನು ಸಾಲು ಜೋಡಿಸಿದೆ ಅಷ್ಟೇ. ಇದಾದ ಮೇಲೆ ಶುಕ್ರವಾರದ ದೀಪಕ್ಕೆ ಬನ್ನಿ, ಹೆಸರುಗಳಿಗೆ ಬನ್ನಿ. ಆ ಹೆಸರುಗಳನ್ನು ಅವರು ಹೇಳುತ್ತಿದ್ದ ಕ್ರಮದಲ್ಲೇ ಹೇಳಿ. ಒಂದನ್ನೂ ಬಿಡಬೇಡಿ. ಕೊನೆಯಲ್ಲಿ ಊರಿನಲ್ಲಿರುವ ನಿಮ್ಮ ಮಗನ ಹೆಸರನ್ನೂ ಅವರು ಸೇರಿಸುತ್ತಿದ್ದರು ಅಂತ ಬರೆದಿದ್ದೀರಿ. ಹೇಳಬೇಕಾ ಬೇಡವಾ ಅಂತ ಅನುಮಾನ ಬೇಡ. ಹೇಳಿ, ಎಲ್ಲರ ಹೆಸರೂ ಆದ ಮೇಲೆ. ಅದು ಅವರ ಔದಾರ್ಯದ ಸಾಕ್ಷಿ, ಮುಚ್ಚಿಡುವಂಥದ್ದಲ್ಲ.

ಹೇಳಬಾರದ್ದೂ ಇದೆ. ಕೊನೆಯ ದಿನಗಳಲ್ಲಿ ಮೈ ಎಷ್ಟು ಸೋತಿತ್ತು, ಹಾಸಿಗೆಯಲ್ಲಿ ಏನೇನಾಯಿತು, ಗೊಂದಲದಲ್ಲಿ ಯಾರ ಮೇಲೆ ರೇಗಿದರು, ಇವು ಬೇಡ. ಸತ್ತವರ ಮಾನ ಕಾಯುವುದು ಯಹೂದಿಗಳಲ್ಲಿ ದೊಡ್ಡ ಮಾತು. ಶವವನ್ನು ಸಂಸ್ಕಾರಕ್ಕೆ ಅಣಿ ಮಾಡುವ ಹೆವ್ರಾ ಕಡೀಶಾ ಎಂಬ ಗುಂಪಿನವರು ಮೈ ತೊಳೆಯುವಾಗಲೂ ದೇಹವನ್ನು ಪೂರ್ತಿ ಬೆತ್ತಲೆ ಬಿಡುವುದಿಲ್ಲ, ಕೆಲಸ ಮುಗಿದ ಮೇಲೆ ಸತ್ತವರ ಹೆಸರು ಹಿಡಿದು ಕ್ಷಮೆ ಕೇಳುತ್ತಾರೆ. ನೀವೂ ಆರು ವರ್ಷ ಆ ಮೈಯನ್ನು ಮುಟ್ಟಿ ನೋಡಿಕೊಂಡವರು. ಅದು ನಿಮ್ಮೊಳಗೇ ಇರಲಿ. ಹಾಗೆಯೇ ಯಾರು ಹೆಚ್ಚು ಬರುತ್ತಿದ್ದರು, ಯಾರು ಬರಲಿಲ್ಲ ಅನ್ನುವುದೂ ಬೇಡ. ಒಬ್ಬ ಮಗನ ಬಗ್ಗೆ ನಿಮಗೆ ಬೇಸರ ಇದೆ ಅಂತ ಗೊತ್ತಾಯಿತು. ಆ ದಿನ ಅವರೂ ಅಮ್ಮನನ್ನು ಕಳೆದುಕೊಂಡ ಮಗ.

ಅವರ ಹೆಸರು ಹೇಳುವಾಗ ಜೊತೆಗೆ "ಝಿಖ್ರೋನಾ ಲಿವ್ರಾಖಾ" ಅನ್ನಿ. ಅವರ ನೆನಪು ಆಶೀರ್ವಾದವಾಗಲಿ ಅಂತ ಅರ್ಥ. ನಾವು ದಿವಂಗತ ಅನ್ನುವ ಕಡೆ ಅವರು ಇದನ್ನು ಹೇಳುತ್ತಾರೆ.

ದಿನದ ಬಗ್ಗೆ ಒಂದು ಎಚ್ಚರ. ಫೆಬ್ರವರಿ 13 ಅಂತ ನೀವು ರಜೆ ಕೇಳಿಟ್ಟಿದ್ದರೆ ತಪ್ಪಿಹೋಗುತ್ತದೆ. ವರ್ಷದ ದಿನ ನೋಡುವುದು ಹೀಬ್ರೂ ಪಂಚಾಂಗದ ಪ್ರಕಾರ, ನಮ್ಮ ತಿಥಿಯ ಹಾಗೆ. ಅವರು ತೀರಿಕೊಂಡದ್ದು ಶೆವಾತ್ ತಿಂಗಳ 15ರಂದು, ಹುಣ್ಣಿಮೆ. ಅದೇ ತು ಬಿಶ್ವಾತ್, ಮರಗಳ ಹೊಸ ವರ್ಷ. ಗಿಡಗಳ ಜೊತೆ ಬದುಕಿದವರು ಆ ದಿನವೇ ಹೋದರು. 2026ರಲ್ಲಿ ಆ ದಿನ ಬರುವುದು ಫೆಬ್ರವರಿ 2, ಸೋಮವಾರ. ಅವರಿಗೆ ದಿನ ಶುರುವಾಗುವುದು ಸಂಜೆಯಿಂದ. ಹಾಗಾಗಿ ಫೆಬ್ರವರಿ 1, ಭಾನುವಾರ ಸೂರ್ಯ ಮುಳುಗಿದ ಹೊತ್ತಿನಿಂದಲೇ ಲೆಕ್ಕ. 2027ರಲ್ಲಿ ಇದು ಇನ್ನೂ ಹಿಂದಕ್ಕೆ ಬಂದು ಜನವರಿ 23ಕ್ಕೆ ಬೀಳುತ್ತದೆ. ಅದು ಶನಿವಾರ. ಶಬ್ಬಾತ್ ದಿನ ಸ್ಮಶಾನಕ್ಕೆ ಹೋಗುವುದಿಲ್ಲ, ಬೇರೆ ದಿನ ಇಟ್ಟುಕೊಳ್ಳುತ್ತಾರೆ. ಆಮೇಲೆ ಅಧಿಕ ಮಾಸ ಸೇರಿ ದಿನ ಮತ್ತೆ ಫೆಬ್ರವರಿಗೆ ಬರುತ್ತದೆ. ಹೌದು, ಅವರಿಗೂ ನಮ್ಮ ಹಾಗೇ ಅಧಿಕ ಮಾಸ ಇದೆ, 19 ವರ್ಷಕ್ಕೆ ಏಳು ಸಲ.

ಸ್ಮಶಾನದಲ್ಲಿ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ನಿಮಗೆ ಧೈರ್ಯ ಇರುತ್ತದೆ. ಈ ಕೂಟಕ್ಕೆ ಇಸ್ರೇಲ್‌ನಲ್ಲಿ ಅಝ್ಕರಾ ಅನ್ನುತ್ತಾರೆ. ಬೈಬಲ್‌ನ ಕೀರ್ತನೆಗಳನ್ನು ಓದುತ್ತಾರೆ. ಅದರಲ್ಲಿ 119ನೇ ಕೀರ್ತನೆಯದು ಒಂದು ಚಂದದ ಕ್ರಮ. ಅದರಲ್ಲಿ 176 ವಚನ, ಒಂದೊಂದು ಅಕ್ಷರಕ್ಕೆ ಎಂಟೆಂಟು. ಸತ್ತವರ ಹೆಸರಿನ ಅಕ್ಷರಗಳನ್ನು ಹಿಡಿದು ಆಯಾ ಅಕ್ಷರದ ವಚನಗಳನ್ನು ಓದುತ್ತಾರೆ. ಆಮೇಲೆ ನೆಶಾಮಾ, ಅಂದರೆ ಆತ್ಮ, ಆ ಪದದ ಅಕ್ಷರಗಳದ್ದು. ಕೀರ್ತನೆಯಲ್ಲೇ ಅವರ ಹೆಸರನ್ನು ಬರೆದ ಹಾಗೆ. ಆಮೇಲೆ ಗಂಡುಮಕ್ಕಳು ಕದ್ದೀಶ್ ಎಂಬ ಪ್ರಾರ್ಥನೆ ಹೇಳುತ್ತಾರೆ. ಅದರಲ್ಲಿ ಸಾವು ಅನ್ನುವ ಪದವೇ ಇಲ್ಲ. ದೇವರ ಹೆಸರು ದೊಡ್ಡದಾಗಲಿ, ಶಾಂತಿ ಇರಲಿ, ಇಷ್ಟೇ. ತಾಯಿಗಾಗಿ ಮಕ್ಕಳು ದಿನಾ ಕದ್ದೀಶ್ ಹೇಳುವುದನ್ನು ಬಹಳ ಕಡೆ ಹನ್ನೊಂದು ತಿಂಗಳಿಗೆ ನಿಲ್ಲಿಸುತ್ತಾರೆ. ಕೆಟ್ಟವರ ಆತ್ಮಕ್ಕೆ ಹನ್ನೆರಡು ತಿಂಗಳ ವಿಚಾರಣೆ ಅನ್ನುವ ನಂಬಿಕೆ ಇದೆ. ಪೂರ್ತಿ ಹನ್ನೆರಡು ಹೇಳಿದರೆ ತಾಯಿಯನ್ನು ಆ ಸಾಲಿಗೆ ಸೇರಿಸಿದ ಹಾಗಾಗುತ್ತದಲ್ವಾ, ಅದಕ್ಕೆ. ಎಲ್ಲರೂ ಅಮೆನ್ ಅಂದಾಗ ನೀವೂ ಅನ್ನಬಹುದು. ಉದ್ದ ಲಂಗ, ತೋಳು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಸಮಾಧಿಗಳ ಮೇಲೆ ಕಾಲಿಡಬೇಡಿ. ಹೊರಗೆ ಬರುವಾಗ ನಲ್ಲಿ ಹತ್ತಿರ ಎಲ್ಲರೂ ಕೈ ತೊಳೆಯುತ್ತಾರೆ, ನೀವೂ ತೊಳೆಯಿರಿ.

ನೀವು ಕ್ರಿಶ್ಚಿಯನ್ ಆದ್ದರಿಂದ ಕೀರ್ತನೆ ನಿಮಗೂ ಸೇರಿದ್ದು. 23ನೇ ಕೀರ್ತನೆಯನ್ನು ಕನ್ನಡದಲ್ಲಿ ಓದಲು ಮನಸ್ಸಿದ್ದರೆ ಮಗಳನ್ನು ಕೇಳಿ, ಬೇಡ ಅನ್ನಲಾರರು. ಒಂದೇ ಒಂದು ಜಾಗ್ರತೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಕನ್ನಡ ಬೈಬಲ್‌ನಲ್ಲಿ ದೇವರ ಹೆಸರನ್ನು ಯೆಹೋವ ಅಂತ ಅಚ್ಚು ಹಾಕಿದ್ದಾರೆ. ಯಹೂದಿಗಳು ಹೀಬ್ರೂನಲ್ಲಿ ನಾಲ್ಕಕ್ಷರದ ಆ ಹೆಸರನ್ನು ಬಾಯಲ್ಲಿ ಹೇಳುವುದೇ ಇಲ್ಲ. ಪ್ರಾರ್ಥನೆಯಲ್ಲಿ ಅದೋನಾಯ್ ಅನ್ನುತ್ತಾರೆ, ಮಾತಿನಲ್ಲಿ ಹಶೆಮ್ ಅನ್ನುತ್ತಾರೆ. ನೀವು ಕನ್ನಡದಲ್ಲಿ ಓದಿದರೂ ಆ ಒಂದು ಪದ ಅವರ ಕಿವಿಗೆ ಬೀಳುತ್ತದೆ. ಅಲ್ಲಿ "ಕರ್ತನು" ಅಂತ ಓದಿ. ಶಿಲುಬೆ ಗುರುತು ಹಾಕುವುದು ಬೇಡ.

ಇಗರ್ಜಿಯಲ್ಲಿ ಪೂಜೆ ಕೊಡಿಸುವುದರ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮ ಪ್ರಾರ್ಥನೆ ನಿಮ್ಮದು, ನಿಮ್ಮ ದುಃಖಕ್ಕೆ ನಿಮಗೆ ಗೊತ್ತಿರುವ ದಾರಿ ಅದು. ಯಾರೂ ತಡೆಯಲಾರರು. ಆದರೆ ಅದನ್ನು ಮನೆಯವರಿಗೆ ಉಡುಗೊರೆಯ ಹಾಗೆ ಹೇಳಬೇಡಿ. ಯುರೋಪಿನಲ್ಲಿ ನೂರಾರು ವರ್ಷ ಯಹೂದಿಗಳನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದ ಚರಿತ್ರೆ ಇದೆ. ಕೊಚ್ಚಿಯ ಯಹೂದಿಗಳಿಗೂ ಪೋರ್ಚುಗೀಸರ ಕಾಲದ ಕಹಿ ಇದೆ. ತಮ್ಮವರ ಹೆಸರಿನಲ್ಲಿ ಇಗರ್ಜಿಯಲ್ಲಿ ಪೂಜೆ ಆಯಿತು ಅಂತ ಕೇಳಿದರೆ, ನಿಮ್ಮ ಪ್ರೀತಿ ಗೊತ್ತಿದ್ದರೂ ಎಲ್ಲೋ ಚುಚ್ಚಬಹುದು. ಅವರಿಗೆ ಹಿತವಾಗುವಂಥದ್ದು ಬೇಕಾದರೆ ಸವ್ತಾ ಹೆಸರಿನಲ್ಲಿ ದಾನ ಮಾಡಿ. ಅವರ ತಗಡಿನ ಡಬ್ಬಿ ಈಗ ಮಗಳ ಮನೆಯಲ್ಲಿದೆ ಅಂದಿರಲ್ಲ. ಹೋದಾಗ ಅದಕ್ಕೆ ಒಂದು ನಾಣ್ಯ ಹಾಕಿ.

ಅಝ್ಕರಾ ಆದ ಮೇಲೆ ಮನೆಯಲ್ಲಿ ತಿಂಡಿ ಇರುತ್ತದೆ. ಹಣ್ಣು, ಕೇಕು, ಪಾನೀಯ, ಬೇರೆ ಬೇರೆ ಥರದ್ದು ಇಟ್ಟು ಒಂದೊಂದಕ್ಕೂ ಅದರದರ ಸ್ತುತಿ ಹೇಳಿ ತಿನ್ನುತ್ತಾರೆ. ಅದರ ಪುಣ್ಯ ಹೋದವರ ಆತ್ಮಕ್ಕೆ ಅಂತ ನಂಬಿಕೆ. ನಿಮ್ಮ ಅಡುಗೆ ಕೋಶೆರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ, ಅಡುಗೆಮನೆಯದ್ದಲ್ಲದಿದ್ದರೆ ಮಾಡಿಕೊಂಡು ಹೋಗಬೇಡಿ. ಕೋಶೆರ್ ಮುದ್ರೆ ಇರುವ ಅಂಗಡಿಯಿಂದ ಖರ್ಜೂರ, ಅಂಜೂರ ತೆಗೆದುಕೊಳ್ಳಿ. ತು ಬಿಶ್ವಾತ್‌ಗೆ ತಿನ್ನುವುದೂ ಅದನ್ನೇ.

ಅಳು ಬಂದರೆ ಅಳಿ. ಅವರೂ ಅಳುತ್ತಾರೆ.

ಇನ್ನು ಕ್ಯಾಂಡಲ್. ವರ್ಷದ ದಿನಕ್ಕೆ 24 ಗಂಟೆ ಉರಿಯುವ ದೀಪ ಹಚ್ಚುತ್ತಾರೆ, ನೇರ್ ನೆಶಾಮಾ ಅಂತ, ಆತ್ಮದ ದೀಪ. ಸಣ್ಣ ಡಬ್ಬಿಯಲ್ಲಿ ಮೇಣ ತುಂಬಿದ್ದು, ಇಸ್ರೇಲ್‌ನ ಯಾವ ದಿನಸಿ ಅಂಗಡಿಯಲ್ಲೂ ಸಿಗುತ್ತದೆ. ನಿಮಗೆ ಅದು ಕಡ್ಡಾಯ ಅಲ್ಲ, ನಿಷೇಧವೂ ಅಲ್ಲ. ಖಂಡಿತ ಹಚ್ಚಿ. ಈಗ ನೀವು ಕೆಲಸಕ್ಕಿರುವ ಮನೆಯವರ ಹತ್ತಿರ ಒಂದು ಮಾತು ಕೇಳಿಕೊಳ್ಳಿ. ಭಾನುವಾರ ಸಂಜೆ, ಸೂರ್ಯ ಮುಳುಗುವ ಸ್ವಲ್ಪ ಮುಂಚೆ ಹಚ್ಚಿ. ಸ್ಟೀಲ್ ತಟ್ಟೆಯ ಮೇಲೆ, ಪರದೆಯಿಂದ ದೂರ ಇಡಿ. ಊದಿ ಆರಿಸಬೇಡಿ, ತಾನಾಗಿ ಆರಲಿ. ಮರುದಿನ ನೆವಾತಿಮ್‌ಗೆ ಹೊರಡುವಾಗಲೂ ಅದು ಉರಿಯುತ್ತಲೇ ಇರುತ್ತದೆ. ಮನೆಯವರಿಗೆ ನೋಡಿಕೊಳ್ಳಲು ಹೇಳಿ ಹೋಗಿ. ಅದಕ್ಕೂ ಮುಂಚೆ, ಸಾಧ್ಯವಾದರೆ ಇವತ್ತೇ, ಮಗಳಿಗೆ ಫೋನ್ ಮಾಡಿ ಆ ನೋಟ್‌ಬುಕ್ ಎಲ್ಲಿದೆ ಅಂತ ಕೇಳಿ.